ಆರು ಸಾಫ್ಟ್‌ವೇರ್ ಜೋಡಿಸಬೇಕು: ಮಾಡೆಲ್ ಬರೆದರೆ ನಿಜವಾಗಲೂ ಉಪಯೋಗ ಇದೆಯಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮಲ್ಲಿ ಆರು ಸಾಫ್ಟ್‌ವೇರ್ ಇವೆ: ಸೇಲ್ಸ್, ಬಿಲ್ಲಿಂಗ್, ಗೋದಾಮು, ಸಪೋರ್ಟ್, ಅಕೌಂಟ್ಸ್, ರಿಪೋರ್ಟಿಂಗ್. ಬೇಕಾದಾಗೆಲ್ಲ ಎರಡರ ನಡುವೆ ಒಂದು ಸ್ಕ್ರಿಪ್ಟ್ ಬರೆದು ಜೋಡಿಸುತ್ತಾ ಬಂದೆವು. ಈಗ ಒಂದು ಕಡೆ ಕಾಲಂ ಹೆಸರು ಬದಲಾದರೆ ಮೂರು ಕಡೆ ಕೈಕೊಡುತ್ತದೆ. ಹೊಸದಾಗಿ ಬಂದ ಆರ್ಕಿಟೆಕ್ಟ್ 'ಮೊದಲು ಮಾಡೆಲ್, ಆಮೇಲೆ ಇಂಟಿಗ್ರೇಷನ್' ಅನ್ನುತ್ತಿದ್ದಾರೆ. ಅಂದರೆ ಯಾವ ಡೇಟಾಕ್ಕೆ ಏನರ್ಥ ಅಂತ ಮೊದಲು ಬರೆದಿಟ್ಟು, ಆಮೇಲೆ ಜೋಡಿಸುವುದಂತೆ. ಯುಎಂಎಲ್ ಚಿತ್ರ (ಸಾಫ್ಟ್‌ವೇರ್ ವಿನ್ಯಾಸ ತೋರಿಸುವ ನಕ್ಷೆ) ಬರೆದು ಗೋಡೆಗೆ ಅಂಟಿಸಿದರೆ ಸ್ಕ್ರಿಪ್ಟ್ ಸರಿಹೋಗುತ್ತದಾ?

ಉತ್ತರ: ಗೋಡೆಗೆ ಅಂಟಿಸಿದರೆ ಖಂಡಿತ ಇಲ್ಲ. ಆದರೂ ಅವರ ಮಾತಿನಲ್ಲಿ ಹುರುಳಿದೆ. ಲೆಕ್ಕ ಹಾಕಿ ನೋಡಿ. ಆರು ಸಿಸ್ಟಂ ಅಂದರೆ 15 ಜೋಡಿ. ಡೇಟಾ ಎರಡೂ ದಿಕ್ಕಿಗೆ ಹೋಗಬೇಕಾದರೆ 30 ಮ್ಯಾಪಿಂಗ್, ಅಂದರೆ ಒಂದರ ಡೇಟಾವನ್ನು ಇನ್ನೊಂದರ ರೂಪಕ್ಕೆ ತಿರುಗಿಸುವ ಕೋಡ್. ನಡುವೆ ಒಂದು ಸಾಮಾನ್ಯ ಮಾಡೆಲ್ ಇಟ್ಟು, ಪ್ರತಿಯೊಂದೂ ಅದರ ಜೊತೆ ಮಾತ್ರ ಮಾತಾಡಿದರೆ 12 ಸಾಕು. ಮೂರೇ ಸಿಸ್ಟಂ ಇದ್ದಿದ್ದರೆ ಎರಡು ದಾರಿಯಲ್ಲೂ ಆರೇ ಆಗುತ್ತಿತ್ತು. ಆಗ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಅಂತಿದ್ದೆ.

ಎಣಿಕೆ ಒತ್ತಟ್ಟಿಗಿರಲಿ, ನಿಜವಾದ ತಲೆನೋವು ಅರ್ಥದ್ದು. ನಾನು ಕೆಲಸ ಮಾಡಿದ ಒಂದು ಕಡೆ ರದ್ದಾದ ಆರ್ಡರ್‌ಗಳು ರಾತ್ರಿ ಕಳೆಯುವುದರೊಳಗೆ ಎದ್ದು ಕೂರುತ್ತಿದ್ದವು! ಸೇಲ್ಸ್‌ನಲ್ಲಿ ರದ್ದು ಮಾಡಿದರೆ ಸ್ಟೇಟಸ್ ಬದಲಾಗುತ್ತಿತ್ತು, ಸಾಲು ಅಲ್ಲೇ ಉಳಿಯುತ್ತಿತ್ತು. ಗೋದಾಮಿನಲ್ಲಿ ರದ್ದು ಅಂದರೆ ಸಾಲನ್ನೇ ಅಳಿಸುವುದು. ರಾತ್ರಿಯ ಸಿಂಕ್ ಸ್ಕ್ರಿಪ್ಟ್ ಎರಡನ್ನೂ ಹೋಲಿಸಿ, ಗೋದಾಮಿನಲ್ಲಿ ಈ ಆರ್ಡರ್ ಇಲ್ಲವಲ್ಲ ಅಂತ ಹೊಸದಾಗಿ ಸೇರಿಸಿಬಿಡುತ್ತಿತ್ತು. ಬೆಳಿಗ್ಗೆ ನೋಡಿದರೆ ಪ್ಯಾಕಿಂಗ್‌ಗೆ ರೆಡಿ. ಎರಡೂ ಟೀಮಿನ ಕೋಡ್ ಅವರವರ ಲೆಕ್ಕಕ್ಕೆ ಸರಿಯಾಗೇ ಇತ್ತು. 'ರದ್ದು' ಅಂದರೆ ಏನು ಅಂತ ಮಾತ್ರ ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ.

1999ರಲ್ಲಿ ನಾಸಾ ತನ್ನ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನುವ ಮಂಗಳ ನೌಕೆಯನ್ನು ಕಳೆದುಕೊಂಡಿದ್ದೂ ಇದೇ ಜಾತಿಯ ತಪ್ಪಿನಿಂದ. ಒಂದು ಸಾಫ್ಟ್‌ವೇರ್ ಪೌಂಡ್-ಸೆಕೆಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್-ಸೆಕೆಂಡ್ ಅಂದುಕೊಂಡಿತು. ಬರೀ ಅಂಕಿ ನೋಡಿದರೆ ಇಂಥ ತಪ್ಪು ಕಾಣುವುದೇ ಇಲ್ಲ.

ಹಾಗಾಗಿ ಟೇಬಲ್, ಕಾಲಂ ಪಟ್ಟಿ ಮಾಡುತ್ತಾ ಕೂರಬೇಡಿ. ಸಿಸ್ಟಂನ ಗಡಿ ದಾಟುವ ವಿಷಯಗಳನ್ನು ಮಾತ್ರ ತೆಗೆದುಕೊಳ್ಳಿ. ಒಂದೊಂದಕ್ಕೂ ಅರ್ಥ, ಗುರುತಿನ ಐಡಿ, ಅಳತೆಯ ಯೂನಿಟ್, ಇರಬಹುದಾದ ಸ್ಥಿತಿಗಳು, ಮತ್ತೆ ಅದರ ಯಜಮಾನ ಯಾವ ಸಿಸ್ಟಂ ಅನ್ನುವುದನ್ನು ಬರೆಯಿರಿ. ಯಜಮಾನನ ವಿಷಯಕ್ಕೆ ಜಗಳ ಆಗುತ್ತದೆ. ಆಗಲಿ ಬಿಡಿ, ಈಗಲೇ ಆದರೆ ಒಳ್ಳೆಯದು.

ಆಮೇಲೆ ಅದನ್ನು ಯಂತ್ರ ಓದುವ ಹಾಗೆ ಬರೆಯಿರಿ. ಅದಕ್ಕೆ ಸಿದ್ಧ ಬರವಣಿಗೆ ವಿಧಾನಗಳಿವೆ: ಸರ್ವಿಸ್‌ಗೆ (ಒಂದು ಸಾಫ್ಟ್‌ವೇರ್ ಇನ್ನೊಂದನ್ನು ಕೇಳುವ ಕೆಲಸಕ್ಕೆ) ಓಪನ್‌ಎಪಿಐ, ಈವೆಂಟ್‌ಗೆ (ಏನೋ ಆಯಿತು ಅಂತ ಕಳಿಸುವ ಸುದ್ದಿಗೆ) ಅಸಿಂಕ್‌ಎಪಿಐ, ಡೇಟಾ ಆಕಾರಕ್ಕೆ ಜೇಸನ್ ಸ್ಕೀಮಾ ಅಥವಾ ಪ್ರೋಟೊಬಫ್. ಫೈಲ್ ಗಿಟ್‌ನಲ್ಲಿರಲಿ, ಯಾರು ಏನು ಬದಲಾಯಿಸಿದರು ಅನ್ನುವ ದಾಖಲೆ ಅಲ್ಲಿ ಉಳಿಯುತ್ತದೆ. ಕ್ಲೈಂಟ್ ಕೋಡ್, ವ್ಯಾಲಿಡೇಷನ್, ಟೆಸ್ಟ್ ಅದರಿಂದಲೇ ಹುಟ್ಟಲಿ. ಮಾಡೆಲ್‌ಗೆ ಹೊಂದದ ಬದಲಾವಣೆ ಬಂದರೆ ಬಿಲ್ಡ್ (ಕೋಡ್‌ನಿಂದ ಪ್ರೋಗ್ರಾಂ ತಯಾರಾಗುವ ಹಂತ) ಅಲ್ಲೇ ನಿಲ್ಲಬೇಕು. ಇಡೀ ಅಪ್ಲಿಕೇಶನನ್ನೇ ಮಾಡೆಲ್‌ನಿಂದ ಹುಟ್ಟಿಸುವ ಆಸೆ ಮಾತ್ರ ಬೇಡ. 2001ರಿಂದ ಓಎಂಜಿ ಅನ್ನುವ ಮಾನಕ ಸಂಸ್ಥೆಯ ಎಂಡಿಎ (ಮಾಡೆಲ್-ಡ್ರಿವನ್ ಆರ್ಕಿಟೆಕ್ಚರ್) ಹೆಸರಲ್ಲಿ ಆ ದಾರಿ ತುಳಿದವರಿದ್ದಾರೆ. ನಾನು ನೋಡಿದ ಪ್ರಾಜೆಕ್ಟ್‌ಗಳಲ್ಲಿ ಅವಸರಕ್ಕೆ ಯಾರೋ ಹುಟ್ಟಿದ ಕೋಡನ್ನೇ ಕೈಯಲ್ಲಿ ತಿದ್ದುತ್ತಾರೆ. ಅಲ್ಲಿಗೆ ಮಾಡೆಲ್ ಒಂದು ಕಡೆ, ಕೋಡ್ ಇನ್ನೊಂದು ಕಡೆ.

ಇನ್ನೊಬ್ಬ ಸದಸ್ಯರು: ನಮ್ಮಲ್ಲಿ ಎಲ್ಲ ವಿಭಾಗಕ್ಕೂ ಒಂದೇ 'ಗ್ರಾಹಕ' ಮಾಡೆಲ್ ಮಾಡಲು ಹೊರಟು ಎಂಟು ತಿಂಗಳಾಯಿತು. ಮೀಟಿಂಗ್ ಮುಗಿಯುತ್ತಲೇ ಇಲ್ಲ.

ಉತ್ತರ: ಮುಗಿಯುವುದೂ ಇಲ್ಲ. ಸೇಲ್ಸ್‌ನವರಿಗೆ ವಿಚಾರಿಸಲು ಫೋನ್ ಮಾಡಿದವರೂ ಗ್ರಾಹಕರೇ. ಬಿಲ್ಲಿಂಗ್‌ನವರಿಗೆ ದುಡ್ಡು ಕಟ್ಟುವವರು. ಸಪೋರ್ಟ್‌ನವರಿಗೆ ವಸ್ತು ಬಳಸುವವರು. ಮೂರನ್ನೂ ಒಂದೇ ಚೀಲಕ್ಕೆ ತುರುಕಿದರೆ ಫೀಲ್ಡ್‌ಗಳೆಲ್ಲ ಐಚ್ಛಿಕ ಆಗುತ್ತವೆ. ಎಲ್ಲವೂ ಐಚ್ಛಿಕವಾದರೆ ಮಾಡೆಲ್ ಏನನ್ನೂ ಹೇಳಿದಂತಾಗಲಿಲ್ಲ, ಅಲ್ವಾ? ಅವರವರ ಮಾಡೆಲ್ ಅವರಲ್ಲಿರಲಿ, ಬೌಂಡೆಡ್ ಕಾಂಟೆಕ್ಸ್ಟ್ ಅನ್ನುವುದು ಇದನ್ನೇ. ನಡುವೆ ಐಡಿ ಮತ್ತು ನಾಲ್ಕೈದು ಫೀಲ್ಡ್ ಮಾತ್ರ ಹಂಚಿಕೊಳ್ಳಿ.

ಮತ್ತೊಬ್ಬರು: ಡೇಟಾ ಸರಿ ಮೇಡಂ. ಸರ್ವಿಸ್‌ಗೆ ಓಪನ್‌ಎಪಿಐ ಬರೆದರೆ ಸಾಕಾ?

ಉತ್ತರ: ಅದು ಯಾವ ವಿಳಾಸ, ಏನು ಕಳಿಸಬೇಕು, ಏನು ಬರುತ್ತದೆ ಅನ್ನುವುದನ್ನು ಚೆನ್ನಾಗಿ ಹೇಳುತ್ತದೆ. ನಡವಳಿಕೆ ಬೇರೆ. ಪೇಮೆಂಟ್ ಕಾಲ್ ಟೈಮ್‌ಔಟ್ ಆಯಿತು, ಅಂದರೆ ಸಮಯದೊಳಗೆ ಉತ್ತರ ಬರಲಿಲ್ಲ ಅಂದುಕೊಳ್ಳಿ. ದುಡ್ಡು ಹೋಯಿತೋ ಇಲ್ಲವೋ ಗೊತ್ತಿಲ್ಲ. ಮತ್ತೆ ಕಳಿಸಬಹುದಾ? ಎಚ್‌ಟಿಟಿಪಿ (ವೆಬ್‌ನಲ್ಲಿ ಕೋರಿಕೆ, ಉತ್ತರ ಸಾಗುವ ಪದ್ಧತಿ) ನಿಯಮದ ಪ್ರಕಾರ ಪುಟ್ ಅನ್ನುವ ಬಗೆಯ ಕೋರಿಕೆಯನ್ನು ಎಷ್ಟು ಸಲ ಕಳಿಸಿದರೂ ಪರಿಣಾಮ ಒಂದೇ ಆಗಿರಬೇಕು. ಪೋಸ್ಟ್ ಅನ್ನುವ ಬಗೆಗೆ ಆ ಭರವಸೆ ಇಲ್ಲ. ಪ್ರತಿ ಕೋರಿಕೆಗೂ ಒಂದು ವಿಶಿಷ್ಟ ಕೀ ಕಳಿಸಿ, ಅದೇ ಕೀ ಮತ್ತೆ ಬಂದರೆ ಹಳೆಯ ಉತ್ತರವನ್ನೇ ಕೊಡಬೇಕು ಅಂತ ಕರಾರಿನಲ್ಲಿ ಬರೆಯಿರಿ. ಆರ್ಡರ್ ಯಾವ ಸ್ಥಿತಿಯಿಂದ ಯಾವುದಕ್ಕೆ ಹೋಗಬಹುದು ಅನ್ನುವ ಸ್ಟೇಟ್ ಡಯಾಗ್ರಾಂ ಕೂಡ ಇರಲಿ. ಯುಎಂಎಲ್‌ನಲ್ಲಿ ನಾನು ಈಗಲೂ ಬಿಡದೆ ಬಳಸುವುದು ಅದೊಂದನ್ನೇ.

ಮೊದಲು ಕೇಳಿದವರು: ಕಾಲಂ ಹೆಸರು ಬದಲಾಯಿಸುವುದು ಹೇಗೆ ಅಂತ ಹೇಳಲೇ ಇಲ್ಲ.

ಉತ್ತರ: ಹೌದಲ್ಲ, ಮರೆತೆ. ಹಂಚಿಕೊಂಡ ಮಾಡೆಲ್‌ನಲ್ಲಿ ಏಕಾಏಕಿ ಹೆಸರು ಬದಲಾಯಿಸಬೇಡಿ. ಹೊಸ ಫೀಲ್ಡ್ ಸೇರಿಸಿ, ಸ್ವಲ್ಪ ದಿನ ಎರಡನ್ನೂ ತುಂಬಿ, ಹಳೆಯದನ್ನು ಯಾರೂ ಓದುತ್ತಿಲ್ಲ ಅಂತ ಲಾಗ್‌ನಲ್ಲಿ ಖಚಿತವಾದ ಮೇಲೆ ತೆಗೆಯಿರಿ. ಪ್ರೋಟೊಬಫ್ ಬೈನರಿಯಲ್ಲಿ ಹೋಗುವುದು ಫೀಲ್ಡ್ ಹೆಸರಲ್ಲ, ನಂಬರ್. ತೆಗೆದ ಫೀಲ್ಡ್‌ನ ನಂಬರನ್ನು ಬೇರೆಯದಕ್ಕೆ ಕೊಟ್ಟರೆ ಹಳೆಯ ಪ್ರೋಗ್ರಾಂ ಅದನ್ನು ಹಳೆಯ ಅರ್ಥದಲ್ಲೇ ಓದಿಬಿಡಬಹುದು. ಅದಕ್ಕೇ 'ರಿಸರ್ವ್ಡ್' ಅಂತ ಬರೆದು ಬೀಗ ಹಾಕಿಡುವುದು.

ಮೊದಲು ಕೇಳಿದವರು: ಈಗಷ್ಟೇ ನಮ್ಮಲ್ಲಿ 'ರದ್ದು' ಹುಡುಕಿದೆ. ಬಿಲ್ಲಿಂಗ್‌ನಲ್ಲಿ ಸ್ಟೇಟಸ್ 9, ಗೋದಾಮಿನಲ್ಲಿ ಸಾಲೇ ಇಲ್ಲ, ಅಕೌಂಟ್ಸ್‌ನಲ್ಲಿ ಮೈನಸ್ ಮೊತ್ತದ ಇನ್ನೊಂದು ಎಂಟ್ರಿ!