ತಪ್ಪು ಒಪ್ಪಿಕೊಂಡವನ ಶೋ ನೋಡಿ ನಗಬಹುದಾ?

ಎರಡನೇಕಾಫಿ:

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ ಅಂತ ಯೂಟ್ಯೂಬ್ ತೆರೆದೆ. ಲೂಯಿ ಸಿ.ಕೆ.ಯ ಹಳೆಯ ತುಣುಕೊಂದು ಬಂತು, ಮೂರು ನಿಮಿಷದ್ದು. ಹಿಂದೆ ಜಯನಗರದ ಪಿಜಿಯಲ್ಲಿ ನಾವು ನಾಲ್ಕು ಜನ ಒಂದೇ ಲ್ಯಾಪ್‌ಟಾಪಿಗೆ ಮುಖ ತೂರಿಸಿ, ಪಕ್ಕದ ರೂಮಿನವರು ಗೋಡೆ ಬಡಿಯುವವರೆಗೂ ನಕ್ಕಿದ್ದು ಇದಕ್ಕೇ. ನಿನ್ನೆಯೂ ನಗು ಬಂತು. ಬಂದ ಮೇಲೆ ಒಂಥರಾ ಆಯಿತು.

ಗೊತ್ತಿಲ್ಲದವರಿಗೆ: ಇವನು ಅಮೆರಿಕದ ದೊಡ್ಡ ಹಾಸ್ಯಗಾರ. 2017ರ ನವೆಂಬರ್ 9ರಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಐದು ಮಹಿಳೆಯರು ಇವನ ಬಗ್ಗೆ ಹೇಳಿದರು. ಕೆಲವರ ಎದುರಿಗೇ ಹಸ್ತಮೈಥುನ ಮಾಡಿಕೊಂಡಿದ್ದ, ಒಬ್ಬರನ್ನು 'ಮಾಡಲಾ' ಅಂತ ಕೇಳಿದ್ದ, ಇನ್ನೊಬ್ಬರಿಗೆ ಫೋನಿನಲ್ಲಿ ಮಾತಾಡುವಾಗ ಅವನು ಅದನ್ನೇ ಮಾಡಿಕೊಳ್ಳುತ್ತಿದ್ದಾನೆ ಅನ್ನಿಸಿತ್ತು. ಮುಂಚೆಯೂ ಗುಸುಗುಸು ಇತ್ತು, ಆಗೆಲ್ಲ ಗಾಳಿಸುದ್ದಿ ಅಂತ ತಳ್ಳಿಹಾಕುತ್ತಿದ್ದ. ಈ ಸಲ ಮಾತ್ರ ಮಾರನೇ ದಿನವೇ 'ಈ ಕತೆಗಳು ನಿಜ' ಅಂದುಬಿಟ್ಟ. ಸಿನಿಮಾ ಬಿಡುಗಡೆ ನಿಂತಿತು, ಚಾನೆಲ್ ಕೈಬಿಟ್ಟಿತು. ಹತ್ತು ತಿಂಗಳು ತುಂಬುವ ಮೊದಲೇ, 2018ರ ಆಗಸ್ಟ್‌ನಲ್ಲಿ, ನ್ಯೂಯಾರ್ಕಿನ ಕಾಮಿಡಿ ಸೆಲ್ಲರ್ ಅನ್ನುವ ಹಾಸ್ಯದ ಕ್ಲಬ್ಬಿನಲ್ಲಿ ಹೇಳದೆ ಕೇಳದೆ ಸ್ಟೇಜ್ ಹತ್ತಿದ. ಜನ ಚಪ್ಪಾಳೆ ಹೊಡೆದರು. 2022ರಲ್ಲಿ ಗ್ರ್ಯಾಮಿಯೂ ಬಂತು.

ಪ್ರಶ್ನೆ ಇಷ್ಟೇ. ಒಪ್ಪಿಕೊಂಡವನಿಗೆ ವಾಪಸ್ ಬರುವ ದಾರಿ ಅಂತ ಒಂದು ಇದೆಯಾ? ಇದ್ದರೆ ಗೇಟಿನಲ್ಲಿ ಕೂತು ಬಿಡುವವರು ಯಾರು? ಟಿಕೆಟ್ ತಗೊಳ್ಳೋ ನಾವಾ?

ಹಳೇಬಸ್‌ಪಾಸ್:

ನನಗೆ ಬೈಗುಳ ಬೀಳುತ್ತದೆ ಅಂತ ಗೊತ್ತು, ಆದರೂ ಹೇಳುತ್ತೇನೆ. ಒಪ್ಪಿಕೊಂಡನಲ್ಲ ಮಾರಾಯ್ರೆ! ನಮ್ಮ ಕಡೆ ಎಷ್ಟು ಜನ ಒಪ್ಪಿಕೊಂಡಿದ್ದಾರೆ? 2018ರ ಅಕ್ಟೋಬರ್‌ನಲ್ಲಿ ಇಲ್ಲಿ ಮೀ ಟೂ ಶುರುವಾದಾಗ ಬಂದ ಉತ್ತರಗಳನ್ನು ನೆನಪು ಮಾಡಿಕೊಳ್ಳಿ. ಎಂ.ಜೆ. ಅಕ್ಬರ್ ಕೇಂದ್ರದ ಮಂತ್ರಿಗಿರಿ ಬಿಟ್ಟರು, ಆದರೆ ಎಲ್ಲವನ್ನೂ ಅಲ್ಲಗಳೆದು, ಆರೋಪ ಮಾಡಿದ ಪತ್ರಕರ್ತೆ ಪ್ರಿಯಾ ರಮಾನಿ ಮೇಲೆಯೇ ಮಾನನಷ್ಟದ ಕ್ರಿಮಿನಲ್ ಕೇಸ್ ಹಾಕಿದರು. ಆಕೆ ನಿರ್ದೋಷಿ ಅಂತ ದೆಹಲಿ ಕೋರ್ಟ್ ಹೇಳುವಷ್ಟರಲ್ಲಿ 2021ರ ಫೆಬ್ರವರಿ. ಬಾಯಿಬಿಟ್ಟ ತಪ್ಪಿಗೆ ಎರಡು ವರ್ಷದ ಮೇಲೆ ಕೋರ್ಟಿಗೆ ಅಲೆದದ್ದು ಹೆಂಗಸು.

ಇಂಥ ಊರಿನಲ್ಲಿ ಕೂತು, 'ಹೌದು, ಮಾಡಿದೆ' ಅಂದವನಿಗೂ 'ಎಲ್ಲ ಸುಳ್ಳು' ಅಂದವನಿಗೂ ಒಂದೇ ಶಿಕ್ಷೆ ಅಂದರೆ ನಾಳೆ ಯಾವನು ಬಾಯಿಬಿಡುತ್ತಾನೆ? ವಕೀಲರು ಮೊದಲೇ ಹೇಳಿಕೊಡುತ್ತಾರೆ, ಒಂದಕ್ಷರ ಮಾತಾಡಬೇಡ, ಅದೇ ನಾಳೆ ಸಾಕ್ಷಿ ಆಗುತ್ತದೆ ಅಂತ. ಒಪ್ಪಿಕೊಳ್ಳುವುದಕ್ಕೆ ಏನಾದರೂ ಒಂದು ರಿಯಾಯಿತಿ ಇರಬೇಕಪ್ಪ. ಸುಮ್ನೆ ಎಲ್ಲರನ್ನೂ ಒಂದೇ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರೆ ಆಗಲ್ಲ.

ತೆಂಗಿನಗರಿ:

ಬಸ್‌ಪಾಸ್ ಅವರೇ, ಬೈಯಲ್ಲ. ರಿಯಾಯಿತಿ ಮಾತು ಸರಿಯೇ. ಆದರೆ ಅವನು ಒಪ್ಪಿಕೊಂಡದ್ದು ಏನನ್ನು, ಯಾರ ಹತ್ತಿರ, ಅದನ್ನು ನೋಡಬೇಕಲ್ವಾ?

ಆ ಹೇಳಿಕೆಯನ್ನು ಇವತ್ತು ಮತ್ತೆ ಓದಿದೆ. ಒಂದು ಮಾತು ನಿಜಕ್ಕೂ ಚೆನ್ನಾಗಿದೆ. ಮೊದಲು ಕೇಳಿಯೇ ಮಾಡುತ್ತಿದ್ದೆ, ಅದಕ್ಕೇ ಸರಿ ಅಂದುಕೊಂಡಿದ್ದೆ, ಆದರೆ ನಮ್ಮ ಕೈಕೆಳಗಿನವರನ್ನು ಹಾಗೆ ಕೇಳಿದರೆ ಅದು ಪ್ರಶ್ನೆಯೇ ಅಲ್ಲ, ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿದ ಹಾಗೆ, ಅಂತ. ಇಷ್ಟು ಬರೆಯಲು ಬುದ್ಧಿ ಬೇಕು. ಪಶ್ಚಾತ್ತಾಪ ಇದೆ ಅಂತಲೂ ಬರೆದಿದ್ದಾನೆ. ಆದರೆ 'ಸಾರಿ' ಅನ್ನುವ ಪದ ಹುಡುಕಿದರೂ ಸಿಗಲ್ಲ. ಅವರು ನನ್ನನ್ನು ಮೆಚ್ಚುತ್ತಿದ್ದರು ಅನ್ನುವುದು ಮಾತ್ರ ಮತ್ತೆ ಮತ್ತೆ ಬರುತ್ತದೆ. ಕೊನೆಗೆ ಇನ್ನು ಬಹಳ ಕಾಲ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ ಅಂತ ಹೇಳಿ ಹೋದ. ಆ ಬಹಳ ಕಾಲ ಎಷ್ಟು ಅಂತ ಎರಡನೇಕಾಫಿ ಆಗಲೇ ಲೆಕ್ಕ ಕೊಟ್ಟಿದ್ದಾರೆ. ವಾಪಸ್ ಬಂದ ವರ್ಷವೇ ಸ್ಟೇಜಿನ ಮೇಲೆ ಹೇಳಿದ್ದು, ಒಂದೇ ಗಂಟೆಯಲ್ಲಿ ಮೂರೂವರೆ ಕೋಟಿ ಡಾಲರ್ ಕಳ್ಕೊಂಡೆ ಅಂತ.

ಈಗ ಇನ್ನೊಬ್ಬನ ಕತೆ ಕೇಳಿ. ಡ್ಯಾನ್ ಹಾರ್ಮನ್. 'ಕಮ್ಯುನಿಟಿ' ಅನ್ನುವ ಧಾರಾವಾಹಿ ಮಾಡುತ್ತಿದ್ದವನು. ಅವನ ಕೈಕೆಳಗೆ ಮೇಗನ್ ಗ್ಯಾಂಜ್ ಅಂತ ಬರಹಗಾರ್ತಿ ಇದ್ದರು. 2018ರ ಜನವರಿಯಲ್ಲಿ ಟ್ವಿಟರ್‌ನಲ್ಲಿ ಅವರು ಇವನನ್ನು ನೇರವಾಗಿ ಕೇಳಿದರು. ನನ್ನ ಪ್ರತಿಭೆಯ ಮೇಲೆ ನನಗೇ ಮತ್ತೆ ನಂಬಿಕೆ ಬರಲು ವರ್ಷಗಳೇ ಹಿಡಿದವು ಅಂದರು. ಕೆಲವೇ ದಿನಗಳಲ್ಲಿ ಹಾರ್ಮನ್ ತನ್ನ ಪಾಡ್‌ಕಾಸ್ಟ್‌ನಲ್ಲಿ ಕೂತು ಏಳೇಳು ನಿಮಿಷ ಮಾತಾಡಿದ. ನನ್ನ ಕೆಲಸದವಳ ಹಿಂದೆ ಬಿದ್ದೆ. ನಿನ್ನ ಪಕ್ಷಪಾತದಿಂದ ಅವಳಿಗೇ ತೊಂದರೆ ಅಂತ ಬೇರೆಯವರು ಎಚ್ಚರಿಸಿದರೂ ಕೇಳಲಿಲ್ಲ. ಆಗ ಜೊತೆಗಿದ್ದ ಗೆಳತಿಗೆ ಸುಳ್ಳು ಹೇಳಿದೆ. ಮೇಗನ್ ಬೇಡ ಅಂದ ಮೇಲೆ ಅವಳ ಮೇಲೆ ಹಗೆ ತೀರಿಸಿಕೊಂಡೆ, ಗಂಡಸಾಗಿದ್ದರೆ ಹಾಗೆ ನಡೆಸಿಕೊಳ್ಳುತ್ತಿರಲಿಲ್ಲ. ಹೀಗೆ ಒಂದೊಂದಾಗಿ. ಇದರ ಬಗ್ಗೆ ಯೋಚನೆಯನ್ನೇ ಮಾಡದೆ ಇದ್ದದ್ದರಿಂದ ಇಷ್ಟೆಲ್ಲ ಮಾಡಲು ಆಯಿತು ಅಂತಲೂ ಹೇಳಿದ.

ಅದನ್ನು ಕೇಳಿ ಮೇಗನ್ ಕ್ಷಮಿಸಿದೆ ಅಂದರು, ಎಲ್ಲರೂ ಕೇಳಿ ಅಂತ ತಾವೇ ಹಂಚಿಕೊಂಡರು. ಅವರು ಜೊತೆಗೆ ಬರೆದದ್ದು ನನ್ನ ತಲೆಯಲ್ಲಿ ಕೂತಿದೆ. ಇದೆಲ್ಲ ನಿಜವಾಗಿ ನಡೆದಿತ್ತು ಅಂತ ಅವನ ಬಾಯಿಂದ ಕೇಳಿದ್ದಕ್ಕೇ ದೊಡ್ಡ ಸಮಾಧಾನ ಆಯಿತು, ನಾನು ಕನಸು ಕಂಡಿರಲಿಲ್ಲ, ನನಗೆ ಹುಚ್ಚಿರಲಿಲ್ಲ ಅಂತ.

ನಮ್ಮಲ್ಲಿ ತಪ್ಪುಕಾಣಿಕೆ ಅಂತ ಇದೆಯಲ್ಲ. ಯಾರದೋ ಗದ್ದೆ ಬೇಲಿ ಒಳಗೆ ಹಾಕಿಕೊಂಡವನು ಮಗನಿಗೆ ಜ್ವರ ಬಂದಾಗ ದೇವರ ಹುಂಡಿಗೆ ದುಡ್ಡು ಹಾಕಿ ಬರುತ್ತಾನೆ, ಬೇಲಿ ಇದ್ದಲ್ಲೇ ಇರುತ್ತದೆ. ಲೂಯಿ ಹಾಕಿದ್ದು ಹುಂಡಿಗೆ. ಹಾರ್ಮನ್ ಬೇಲಿ ಕಿತ್ತ. ನನಗೆ ಕಾಣುವ ವ್ಯತ್ಯಾಸ ಇದು.

ಖಾಲಿದೋಸೆ:

ಅದೇ ಹಾರ್ಮನ್ ಆರೇಳು ತಿಂಗಳು ಕಳೆಯುವಷ್ಟರಲ್ಲಿ 2009ರ ಇನ್ಯಾವುದೋ ಅಸಹ್ಯ ವಿಡಿಯೊಗೆ ಮತ್ತೆ ಕ್ಷಮೆ ಕೇಳಿದ. ಅವನನ್ನೂ ತಲೆ ಮೇಲೆ ಕೂರಿಸಿಕೊಳ್ಳಬೇಡಿ 🙂

ತೆಂಗಿನಗರಿ:

ಕೂರಿಸಿಲ್ಲ. ಆ ಏಳು ನಿಮಿಷ ಮಾತ್ರ ಚೆನ್ನಾಗಿತ್ತು ಅಂದೆ.

ಮಳೆನಿಲ್ಲಲಿ:

ನಾನು ಒಂದು ಕಂಪನಿಯಲ್ಲಿ ಮೂರು ವರ್ಷ ಆಂತರಿಕ ದೂರು ಸಮಿತಿಯಲ್ಲಿ ಇದ್ದೆ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳದ ವಿರುದ್ಧ ಬಂದ 2013ರ ಕಾಯ್ದೆಯಲ್ಲಿ ಗೌಪ್ಯತೆಯ ನಿಯಮ ಇದೆ, ಹಾಗಾಗಿ ವಿವರಗಳನ್ನು ಬದಲಿಸಿದ್ದೇನೆ. ಯಾವ ಕಂಪನಿ ಅಂತ ಕೇಳಬೇಡಿ.

ಒಬ್ಬ ಟೀಮ್ ಲೀಡ್ ಮೇಲೆ ದೂರು ಬಂತು. ಅವನು ಒಳಗೆ ಬಂದು ಹತ್ತೇ ನಿಮಿಷದಲ್ಲಿ ಎಲ್ಲ ಒಪ್ಪಿಕೊಂಡು ಗೊಳೋ ಅಂತ ಅತ್ತ. ನಿಜ ಹೇಳುತ್ತೇನೆ, ನಮಗೆಲ್ಲ ಅಯ್ಯೋ ಅನಿಸಿತು. ಒಬ್ಬರು ಎದ್ದು ಹೋಗಿ ನೀರು ತಂದುಕೊಟ್ಟರು. (ಆ ಹುಡುಗಿ ಬಂದು ಮಾತಾಡಿದ ದಿನ ನೀರು ಯಾರೂ ಕೊಟ್ಟಿರಲಿಲ್ಲ. ಇದು ನನಗೆ ಹೊಳೆದದ್ದು ವಾರದ ಮೇಲೆ.) ಕೇಸ್ ಮುಗಿಯಿತು, ಸಂಜೆಯೊಳಗೆ ವರದಿ ಬರೆದುಬಿಡೋಣ ಅನ್ನೋ ಮೂಡಿನಲ್ಲಿದ್ದೆವು. ಸಮಿತಿಯಲ್ಲಿ ಹೊರಗಿನವರು ಒಬ್ಬರು ಇರಲೇಬೇಕು ಅಂತ ಕಾನೂನು. ಹಾಗೆ ಬಂದಿದ್ದ ವಯಸ್ಸಾದ ಮೇಡಂ ಅಲ್ಲಿವರೆಗೂ ಸುಮ್ಮನಿದ್ದವರು, 'ಆ ವರ್ಷ ಅವಳ ಅಪ್ರೈಸಲ್ ಬರೆದದ್ದು ಯಾರು?' ಅಂತ ಕೇಳಿದರು.

ತೆಗೆಸಿ ನೋಡಿದರೆ ಬರೆದದ್ದು ಇವನೇ. ಐದಕ್ಕೆ ಎರಡು. ಪಕ್ಕದಲ್ಲಿ 'ತಂಡದ ಜೊತೆ ಹೊಂದಿಕೊಳ್ಳುವುದಿಲ್ಲ' ಅಂತ ಷರಾ. ಅದರ ಮೇಲೆ ಎರಡು ವರ್ಷ ಅವಳ ಸಂಬಳ ಜಾಸ್ತಿ ಆಗಿರಲಿಲ್ಲ. ಅಷ್ಟು ಅತ್ತನಲ್ಲ, ಇದನ್ನು ಮಾತ್ರ ಹೇಳಿರಲಿಲ್ಲ. ಮುಚ್ಚಿಟ್ಟ ಅಂತ ನಾನು ಹೇಳಲ್ಲ. ಅದೂ ಇದರಲ್ಲಿ ಸೇರುತ್ತದೆ ಅಂತ ಅವನಿಗೆ ಹೊಳೆದೇ ಇರಲಿಲ್ಲ ಅನಿಸುತ್ತದೆ.

ಕಾನೂನಿನಲ್ಲಿ ರಾಜಿಗೆ ದಾರಿ ಇದೆ, ಆದರೆ ಅವಳು ಕೇಳಿದರೆ ಮಾತ್ರ, ಅದೂ ದುಡ್ಡಿನ ಮೇಲೆ ಆಗಕೂಡದು. ಅವಳು ರಾಜಿ ಕೇಳಲಿಲ್ಲ. ಶಿಕ್ಷೆಗಳ ಪಟ್ಟಿಯಲ್ಲಿ ಲಿಖಿತ ಕ್ಷಮಾಪಣೆಯೂ ಇದೆ, ಬೇರೆ ಶಿಕ್ಷೆಯ ಜೊತೆ ಅದನ್ನೂ ಹಾಕಿದೆವು. ಅವನು ಎರಡು ಪುಟ ಬರೆದುಕೊಟ್ಟ. ಅಮ್ಮ ಇಲ್ಲದೆ ಬೆಳೆದದ್ದು, ಕೆಲಸದ ಒತ್ತಡ, ರಾತ್ರಿ ನಿದ್ದೆ ಇಲ್ಲ, ಹೆಂಡತಿಗೆ ಮುಖ ತೋರಿಸಲು ಆಗುತ್ತಿಲ್ಲ. ಹುಡುಗಿ ಓದಿ ಮಡಚಿ ವಾಪಸ್ ಕೊಟ್ಟಳು. 'ಇದರಲ್ಲಿ ನಾನು ಎಲ್ಲಿದ್ದೀನಿ?' ಅಂದಳು. ಎರಡನೇ ಸಲ ಅರ್ಧ ಪುಟ ಬಂತು. ಅದರಲ್ಲಿ 'ನಿಮ್ಮ ಕೆಲಸ ಚೆನ್ನಾಗಿತ್ತು, ನಾನು ಬೇಕೆಂದೇ ಎರಡು ಅಂಕ ಹಾಕಿದೆ' ಅಂತ ಒಂದು ಸಾಲಿತ್ತು. ಅದನ್ನು ಇಟ್ಟುಕೊಂಡಳು. ಸಂಬಳ ಸರಿಮಾಡಿಸಲು ಇನ್ನೂ ನಾಲ್ಕು ತಿಂಗಳು ಎಚ್‌ಆರ್ ಬಾಗಿಲು ತಟ್ಟಬೇಕಾಯಿತು, ಅದು ಬೇರೆ ರಾಮಾಯಣ.

ಕ್ಷಮಿಸಿದಳಾ ಅಂತ ನಾವು ಕೇಳಲಿಲ್ಲ. ಕೇಳುವ ಹಕ್ಕು ನಮಗೆ ಇರಲಿಲ್ಲ.

ಹಳೇಬಸ್‌ಪಾಸ್:

ನೀರಿನ ಲೋಟದ ಮಾತು ಚುಚ್ಚಿತು. ನಾನೂ ಅದೇ ಮಾಡುತ್ತಿದ್ದೆನೇನೋ.

ಆದರೆ ಮಳೆನಿಲ್ಲಲಿ ಅವರೇ, ಅವನು ಈಗ ಎಲ್ಲಿದ್ದಾನೆ? ಎಲ್ಲೋ ಕೆಲಸ ಮಾಡುತ್ತಿರಬೇಕಲ್ಲ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ, ಹಾಗಂತ ಮನುಷ್ಯ ಮನೆಯಲ್ಲಿ ಕೂತು ಸಾಯಬೇಕಾ? ನನ್ನ ವಾದ ಅಷ್ಟೇ.

ಮಳೆನಿಲ್ಲಲಿ:

ಬೇರೆ ಕಡೆ ಕೆಲಸದಲ್ಲಿದ್ದಾನೆ ಅಂತ ಕೇಳಿದೆ. ಇರಲಿ, ಊಟ ಮಾಡಲಿ. ನನ್ನ ತಕರಾರು ಒಂದೇ, ಅವನ ಕೈಗೆ ಮತ್ತೆ ಇನ್ನೊಬ್ಬರ ಅಪ್ರೈಸಲ್ ಕೊಡಬಾರದು. ಬದುಕುವುದು ಬೇರೆ, ಅದೇ ಕುರ್ಚಿಯಲ್ಲಿ ಕೂರುವುದು ಬೇರೆ. ಲೂಯಿಗೂ ಅಷ್ಟೇ. ಅವನು ಹೊಟ್ಟೆಪಾಡಿಗೆ ಏನಾದರೂ ಮಾಡಲಿ. ಸ್ಟೇಜು, ಮೈಕು, ಎದುರಿಗೆ ಕತ್ತಲಲ್ಲಿ ಕೂತ ಜನ, ಇವೆಲ್ಲ ಯಾರ ಜನ್ಮಸಿದ್ಧ ಹಕ್ಕೂ ಅಲ್ಲ.

ಇನ್ನು ಆ ಗಾದೆ. ಅಡಿಕೆಗೆ ಹೋದದ್ದು ಯಾರ ಮಾನ? ನಮ್ಮ ಊರುಗಳಲ್ಲಿ ಇಂಥದ್ದು ನಡೆದಾಗ ಮಾನ ಹೋಯಿತು ಅಂತ ಹೇಳುವುದು ಹುಡುಗಿಯದ್ದು. ಅವನದ್ದು ಅಂತ ನೀವು ಬಳಸಿದ್ದೇ ನಾನು ಕೇಳಿದ ಮೊದಲ ಸಲ 🙂

ಗೋಡೆಗಡಿಯಾರ:

ತಡವಾಗಿ ಬಂದೆ. ಒಪ್ಪಿಕೊಳ್ಳುವುದೇ ದೊಡ್ಡದು ಅನ್ನುವವರಿಗೆ ಚಿಲಿ ದೇಶದ ಕವಿ ಪಾಬ್ಲೊ ನೆರೂಡನ ವಿಷಯ ಹೇಳಬೇಕು.

ಕಾಲೇಜಿನಲ್ಲಿ ಅವನ ಪ್ರೇಮಕವಿತೆಗಳನ್ನು ಡೈರಿಯಲ್ಲಿ ಬರೆದಿಟ್ಟುಕೊಂಡವಳು ನಾನು. ಆಮೇಲೆ ಅವನ ಆತ್ಮಕತೆ ಓದಿದೆ. 1973ರಲ್ಲಿ ತೀರಿಕೊಂಡ, ಪುಸ್ತಕ ಬಂದದ್ದು ಮುಂದಿನ ವರ್ಷ. ಅದರಲ್ಲಿ ಕೊಲಂಬೊ ಭಾಗ ಇದೆ. 1929ರ ಸುಮಾರು, ಚಿಲಿಯ ಕಾನ್ಸಲ್ ಆಗಿ ಅಲ್ಲಿದ್ದಾಗಿನದು. ಮನೆ ಹಿಂದೆ ಕಕ್ಕಸು, ಕೆಳಗೆ ತಗಡಿನ ಬಕೆಟ್. ಅದು ದಿನಾ ಹೇಗೆ ಖಾಲಿಯಾಗುತ್ತದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಬೇಗ ಎದ್ದಾಗ ಕಂಡಳು, ಮಲ ಹೊರುವ ಜಾತಿಯ ತಮಿಳು ಹೆಂಗಸು. ಕರೆದ, ತಿರುಗಿ ನೋಡಲಿಲ್ಲ. ದಾರಿಯಲ್ಲಿ ರೇಷ್ಮೆ, ಹಣ್ಣು ಇಟ್ಟ, ಮುಟ್ಟಲಿಲ್ಲ. ಒಂದು ದಿನ ಮಣಿಕಟ್ಟು ಹಿಡಿದು ಒಳಗೆ ಎಳೆದುಕೊಂಡ. ಉದ್ದಕ್ಕೂ ಕಣ್ಣು ತೆರೆದೇ, ಕಲ್ಲಿನ ಪ್ರತಿಮೆಯ ಹಾಗೆ ಇದ್ದಳು, ನನ್ನನ್ನು ತಿರಸ್ಕಾರದಿಂದ ಕಂಡದ್ದು ಸರಿಯಾಗಿಯೇ ಇತ್ತು, ಅಂತ ಬರೆಯುತ್ತಾನೆ. ಅಷ್ಟೇ. ಕತೆ ಮುಂದಕ್ಕೆ ಹೋಗುತ್ತದೆ.

ಸಾಹಿತ್ಯದ ಲೆಕ್ಕದಲ್ಲಿ ಅದು ಒಳ್ಳೆಯ ಗದ್ಯ. ತಪ್ಪೊಪ್ಪಿಗೆಯ ಲೆಕ್ಕದಲ್ಲಿ ಏನು? ಅವಳಿಗೆ ಹೆಸರಿಲ್ಲ. ಅವಳು ಅದನ್ನು ಓದುವ ಹಾಗೆಯೇ ಇರಲಿಲ್ಲ. ಮಧ್ಯದಲ್ಲಿ 1971ರಲ್ಲಿ ನೊಬೆಲ್ ಬಂದುಹೋಗಿತ್ತು. 2018ರಲ್ಲಿ ಸ್ಯಾಂಟಿಯಾಗೊ ವಿಮಾನ ನಿಲ್ದಾಣಕ್ಕೆ ಅವನ ಹೆಸರಿಡುವ ಮಾತು ಬಂದಾಗ ಚಿಲಿಯ ಹೆಂಗಸರು ಈ ಪುಟವನ್ನೇ ಎತ್ತಿ ತೋರಿಸಿದರು. ಹೆಸರು ಬದಲಾಗಲಿಲ್ಲ. ನಲವತ್ತು ವರ್ಷದಿಂದ ಅಚ್ಚಾಗಿ ಎಲ್ಲರ ಕಪಾಟಿನಲ್ಲಿದ್ದ ಪುಟ ಅದು. ಓದಿದವರೆಲ್ಲ, ನನ್ನನ್ನೂ ಸೇರಿಸಿ, ಮುಂದಿನ ಪುಟಕ್ಕೆ ತಿರುಗಿಸಿದ್ದೆವು. ಡೈರಿ ಎಸೆದಿಲ್ಲ. ಅಟ್ಟದ ಮೇಲಿದೆ, ತೆಗೆದು ನೋಡುವ ಮನಸ್ಸಾಗಿಲ್ಲ.

ಖಾಲಿದೋಸೆ:

ಇದು ಗೊತ್ತೇ ಇರಲಿಲ್ಲ. ತಮಾಷೆ ಮಾಡುವ ಮೂಡ್ ಹೋಯಿತು.

ಎರಡನೇಕಾಫಿ:

ಎಲ್ಲರಿಗೂ ಥ್ಯಾಂಕ್ಸ್. ಮಳೆನಿಲ್ಲಲಿ ಅವರು ಹೇಳಿದ್ದು ಓದಿದ ಮೇಲೆ ಟೈಮ್ಸ್ ವರದಿಯನ್ನು ಮತ್ತೆ ತೆಗೆದೆ. ಆ ಐವರಲ್ಲಿ ಇಬ್ಬರು ಒಟ್ಟಿಗೆ ಶೋ ಮಾಡುತ್ತಿದ್ದ ಹಾಸ್ಯನಟಿಯರು. 2002ರಲ್ಲಿ ಆಸ್ಪೆನ್‌ನ ಹಾಸ್ಯೋತ್ಸವಕ್ಕೆ ಹೋದಾಗ ಹೋಟೆಲ್ ರೂಮಿನಲ್ಲಿ ನಡೆದದ್ದು ಅವರದು. ಹೊರಗೆ ಬಂದು ನಾಲ್ಕು ಜನರಿಗೆ ಹೇಳಿದರು. ಲೂಯಿಯ ಮ್ಯಾನೇಜರ್‌ಗೆ ಇದರಿಂದ ಸಿಟ್ಟು ಬಂದಿದೆ ಅಂತ ಅವರ ಕಿವಿಗೆ ಬಿತ್ತು. ಆ ಮ್ಯಾನೇಜರ್‌ನ ನಂಟಿದ್ದ ಕೆಲಸಗಳ ಹತ್ತಿರ ಆಮೇಲೆ ಅವರು ಹೋಗಲಿಲ್ಲ. ಆ ದಿನಗಳಲ್ಲಿ ಅವನ ನಂಟಿಲ್ಲದ ಒಳ್ಳೆಯ ಕೆಲಸ ಎಷ್ಟಿರುತ್ತಿತ್ತೋ.

ಪಿಜಿಯಲ್ಲಿ ನಾವು ನಗುತ್ತಿದ್ದಾಗ ಅವರ ಒಂದು ಶೋ ಕೂಡ ನೋಡಿರಲಿಲ್ಲ. ಈಗ ನೋಡೋಣ ಅಂತ ಅವರಿಬ್ಬರ ಹೆಸರು ಹಾಕಿ ಹುಡುಕಿದೆ. ಮೊದಲ ಪುಟದ ತುಂಬ ಅವನ ಮುಖವೇ ಬಂತು.