ಫ್ಲಾರೆನ್ಸ್‌ನ ಹಳೇ ಮನೆಯ ಹೋಟೆಲಲ್ಲಿ ಅಪ್ಪ-ಅವ್ವನನ್ನು ಇರಿಸಬಹುದಾ?

ವಿದ್ಯಾನಗರ, ಹುಬ್ಬಳ್ಳಿ:
ಎಲ್ಲರಿಗೂ ನಮಸ್ಕಾರ. ಅಪ್ಪ-ಅವ್ವನ ಮದುವೆಯಾಗಿ ಈ ವರ್ಷಕ್ಕೆ 40 ವರ್ಷ. ಅಕ್ಟೋಬರದಲ್ಲಿ ಇಬ್ಬರನ್ನೂ ಇಟಲಿಗೆ ಕರಕೊಂಡು ಹೋಗುತ್ತಿದ್ದೇನೆ. ಫ್ಲಾರೆನ್ಸ್‌ನಲ್ಲಿ ನಾಲ್ಕು ರಾತ್ರಿ. ಅಲ್ಲಿ ಹಳೇ ಶ್ರೀಮಂತರ ಮನೆಯೊಂದನ್ನು ಹನ್ನೆರಡು ಕೋಣೆಯ ಐದು ನಕ್ಷತ್ರದ ಹೋಟೆಲ್ ಮಾಡಿದ್ದಾರೆ. ಫೋಟೋ ನೋಡಿ ಅವ್ವ ಇದೇ ಇರಲಿ ಅಂದಳು. ಬಾಡಿಗೆ ಮಾತ್ರ ಸ್ಟೇಷನ್ ಹತ್ತಿರದ ಹೊಸ ಹೋಟೆಲಿನ ಮೂರು ಪಟ್ಟು. ಅವ್ವನಿಗೆ ಮೊಣಕಾಲು ನೋವು. ಅಪ್ಪ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇಂಥ ಕಡೆ ಇದ್ದು ಬಂದವರು ದಯವಿಟ್ಟು ಹೇಳಿ, ಅಷ್ಟು ದುಡ್ಡು ಕೊಡಬಹುದಾ?

ಸಾಧನಕೇರಿ, ಧಾರವಾಡ:
ಅಕ್ಕಾರೇ, ಕೊಡಬಹುದು. ಆದರೆ ನಾಲ್ಕೂ ರಾತ್ರಿ ಬೇಡ, ಎರಡು ಸಾಕು. ಹೋದ ವರ್ಷ ನಮ್ಮ ಅತ್ತೆಯವರ ಜೊತೆ ಅಂಥದ್ದೇ ಒಂದು ಮನೆಯಲ್ಲಿ ಇದ್ದು ಬಂದೆ.

ಮೊದಲು ಕೋಣೆ ಯಾವ ಮಹಡಿಯಲ್ಲಿದೆ ಅಂತ ಕೇಳಿ. ಆ ಮನೆಗಳಲ್ಲಿ ಕೆಳಗೆ ಅಂಗಡಿ, ಉಗ್ರಾಣ, ಕುದುರೆ ಲಾಯ ಇರುತ್ತಿದ್ದವು. ಯಜಮಾನರು ಇರುತ್ತಿದ್ದದ್ದು ಅದರ ಮೇಲಿನ ಮಹಡಿಯಲ್ಲಿ. ಅದಕ್ಕೆ ‘ಪಿಯಾನೋ ನೋಬಿಲೆ’ ಅನ್ನುತ್ತಾರೆ. ಎತ್ತರದ ಛಾವಣಿ, ದೊಡ್ಡ ಕಿಟಕಿ, ಗೋಡೆ ಮೇಲಿನ ಚಿತ್ರ ಎಲ್ಲಾ ಅಲ್ಲೇ. ತೀರಾ ಮೇಲಿನದು ಆಳುಗಳಿಗೆ. ಅಗ್ಗ ಅಂತ ಮೇಲಿನ ಕೋಣೆ ತಗೊಂಡರೆ ನೀವು ಫೋಟೋದಲ್ಲಿ ನೋಡಿದ್ದು ಸಿಗಲಿಕ್ಕಿಲ್ಲ.

ಎರಡನೇದು ಮೆಟ್ಟಿಲು. ನಾವಿದ್ದ ಕಡೆ ಲಿಫ್ಟ್ ಇದೆ ಅಂತ ಬರೆದಿದ್ದರು. ಇತ್ತು, ಖರೆ. ಅದರ ಬಾಗಿಲು ಮುಟ್ಟಲು ಹನ್ನೊಂದು ಕಲ್ಲಿನ ಮೆಟ್ಟಿಲು ಹತ್ತಬೇಕಿತ್ತು. ಅತ್ತೆಯವರು ಎರಡು ಸಲ ನಡುವೆ ನಿಂತರು. ನನಗೆ ಭಾಳ ಕೆಟ್ಟನಿಸಿತು, ಮೊದಲೇ ಕೇಳಬೇಕಿತ್ತು. ಬಚ್ಚಲಲ್ಲಿ ಸ್ನಾನದ ತೊಟ್ಟಿ ಬೇಡ, ಕಾಲೆತ್ತಿ ದಾಟುವುದು ಕಷ್ಟ. ನೆಲಮಟ್ಟದ ಶವರ್ ಕೇಳಿ.

ಇಷ್ಟೆಲ್ಲಾ ಹೇಳಿಯೂ ಹೋಗಿ ಅನ್ನುತ್ತೇನೆ. ಅತ್ತೆಯವರು ಸವಣೂರು ಕಡೆ ವಾಡೆಯಲ್ಲಿ ಬೆಳೆದವರು. ಆ ವಾಡೆ ಈಗಿಲ್ಲ. ಮೊದಲ ದಿನ ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವರು ಕಿಟಕಿ ಹತ್ತಿರ ನಿಂತು ಮೊಣಕೈ ಹಚ್ಚಿ ಗೋಡೆಯ ದಪ್ಪ ಅಳೆಯುತ್ತಿದ್ದರು. ಒಂದೂವರೆ ಮೊಳ. ‘ನಮ್ಮದೂ ಇಷ್ಟೇ ಇತ್ತು ನೋಡವ್ವಾ’ ಅಂದರು. ಕೆಳಗೆ ನಡುವೆ ತೆರೆದ ಅಂಗಳ, ಸುತ್ತ ಕಂಬ, ಮೂಲೆಯಲ್ಲಿ ಬಾವಿ. ಕೋಣೆಗೆ ಕೆಂಪು ಸುಟ್ಟ ಮಣ್ಣಿನ ಬಿಲ್ಲೆಗಳ ನೆಲ. ಬಾಗಿಲ ಹತ್ತಿರ ಜನ ಓಡಾಡಿ ಓಡಾಡಿ ನಾಲ್ಕು ಬಿಲ್ಲೆ ಬಟ್ಟಲಿನ ಹಾಗೆ ತಗ್ಗಾಗಿದ್ದವು. ಅತ್ತೆಯವರು ಚಪ್ಪಲಿ ಬಿಟ್ಟು ಆ ತಗ್ಗಿನಲ್ಲಿ ಬರಿಗಾಲಲ್ಲಿ ನಿಂತರು. ಮಧ್ಯಾಹ್ನ ಮ್ಯೂಸಿಯಂ ಬೇಡ, ಇಲ್ಲೇ ಅಂಗಳದಲ್ಲಿ ಕೂಡೋಣ ಅಂದರು. ಕೂತೆವು. ನಿಮ್ಮ ಅವ್ವನೂ ಹಾಗೆ ಕೂಡುವವರಾದರೆ ದುಡ್ಡು ಸಾರ್ಥಕ. ದಿನವೆಲ್ಲಾ ಹೊರಗೇ ತಿರುಗುವುದಾದರೆ ಸುಮ್ನೆ ಖರ್ಚು.

ಬೆಟಗೇರಿ, ಗದಗ:
ನಾನು ಕಟ್ಟಡದ ಕೆಲಸದವನು. ಲಿಫ್ಟಿಗೆ ಮುಂಚೆ ಮೆಟ್ಟಿಲು ಉಳಿದಿರುವುದು ಹೋಟೆಲಿನವರ ಜಿಪುಣತನ ಅಲ್ಲ. ಅಲ್ಲಿ ರಕ್ಷಿತ ಕಟ್ಟಡದಲ್ಲಿ ಏನೇ ಬದಲಾವಣೆ ಮಾಡಬೇಕಾದರೂ ‘ಸೊಪ್ರಿಂತೆಂದೆನ್ಸಾ’ ಅನ್ನುವ ಸರ್ಕಾರಿ ಕಚೇರಿಯ ಒಪ್ಪಿಗೆ ಬೇಕು. ಹಾಗಾಗಿಯೇ ಆ ಸವೆದ ಬಿಲ್ಲೆಗಳು ಉಳಿದಿವೆ ಅಲ್ವಾ?

ಬಾಡಿಗೆ ಬಿಟ್ಟು ಊರಿನ ತೆರಿಗೆ ಬೇರೆ ಇದೆ. ಫ್ಲಾರೆನ್ಸ್‌ನಲ್ಲಿ ಐದು ನಕ್ಷತ್ರದ ಹೋಟೆಲಿಗೆ 2023ರಿಂದ ತಲೆಗೆ ರಾತ್ರಿಗೆ 8 ಯೂರೋ. ಮೂರು ಜನ, ಎರಡು ರಾತ್ರಿ, 48 ಯೂರೋ. ಬಾಡಿಗೆ ಕಾರು ತಗೋಬೇಡಿ. ಹಳೇ ಊರಿನೊಳಗೆ ಪರವಾನಗಿ ಇಲ್ಲದ ಗಾಡಿಯನ್ನು ಕ್ಯಾಮೆರಾ ಹಿಡಿಯುತ್ತದೆ, ದಂಡ ಆಮೇಲೆ ಬರುತ್ತದೆ. ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್ನಿಂದ ಟ್ಯಾಕ್ಸಿ ಹಿಡಿಯಿರಿ. ಬೀದಿಯೆಲ್ಲಾ ಚಪ್ಪಡಿ ಕಲ್ಲು, ಅವ್ವಾರನ್ನು ಸೂಟ್‌ಕೇಸ್ ಜೊತೆ ನಡೆಸಬೇಡಿ. ಗೋಡೆಗಳ ಮೇಲೆ ಅಲ್ಲಲ್ಲಿ ಒಂದು ಫಲಕ ಕಾಣುತ್ತದೆ, 1966ರ ನವೆಂಬರ್ 4ರಂದು ಆರ್ನೋ ನದಿಯ ನೀರು ಇಲ್ಲಿವರೆಗೆ ಬಂದಿತ್ತು ಅಂತ. ಅಪ್ಪಾರಿಗೆ ತೋರಿಸಿ. ಕೆಲವು ತಲೆಗಿಂತ ಭಾಳ ಮೇಲಿವೆ.

ಸಾಧನಕೇರಿ, ಧಾರವಾಡ:
ಊಟದ ಮಾತು ಮರೆತೆ. ಪಾರ್ಮೆಸಾನ್ ಚೀಸ್ ಮಾಡುವಾಗ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನುವ ಪದಾರ್ಥ ಹಾಕುತ್ತಾರೆ. ಅಪ್ಪಾರು ಅಷ್ಟು ಕಟ್ಟುನಿಟ್ಟಾದರೆ ಪಾಸ್ತಾ ಮೇಲೆ ಉದುರಿಸಬೇಡಿ ಅನ್ನಿ. ‘ಸೆನ್ಸಾ ಕಾರ್ನೆ’ ಅಂದರೆ ಮಾಂಸ ಬೇಡ, ‘ಸೆನ್ಸಾ ವೋವಾ’ ಅಂದರೆ ಮೊಟ್ಟೆ ಬೇಡ. ‘ರಿಬೊಲ್ಲಿತಾ’ ಅಂತ ಸಿಗುತ್ತದೆ, ಬ್ರೆಡ್, ಅವರೆಯಂಥ ಬಿಳಿ ಕಾಳು, ಸೊಪ್ಪು ಹಾಕಿ ಕುದಿಸಿದ್ದು. ಮಾಂಸದ ರಸ ಹಾಕಿದ್ದೀರಾ ಅಂತ ಕೇಳಿಯೇ ತಗೊಳ್ಳಿ. ಆ ಸೀಮೆಯ ಬ್ರೆಡ್ಡಿಗೆ ಉಪ್ಪೇ ಇರುವುದಿಲ್ಲ. ನಮ್ಮ ಶೇಂಗಾ ಚಟ್ನಿಪುಡಿ ಒಯ್ದಿದ್ದೆವು, ಆ ಬ್ರೆಡ್ಡಿಗೆ ಭಾಳ ಚಲೋ ಆಯಿತು. ಪೇಡೆ ಮಾತ್ರ ಒಯ್ಯಬೇಡಿ, ಹಾಲಿನ ಪದಾರ್ಥ ಅಲ್ಲಿಗೆ ತರುವಂತಿಲ್ಲ.

ವಿದ್ಯಾನಗರ, ಹುಬ್ಬಳ್ಳಿ:
ಅಕ್ಕಾರೇ, ಅಣ್ಣಾರೇ, ಹೋಟೆಲಿಗೆ ಮೇಲ್ ಬರೆದೆ. ಅದೇ ದಿನ ಉತ್ತರ ಬಂತು. ಪಿಯಾನೋ ನೋಬಿಲೆಯಲ್ಲಿ ಒಂದು ಕೋಣೆ ಖಾಲಿ ಇದೆ, ನೆಲಮಟ್ಟದ ಶವರ್ ಇದೆ, ಲಿಫ್ಟಿಗೆ ಮುಂಚೆ ಮೂರೇ ಮೆಟ್ಟಿಲು, ಹಿಡಿಕೆಯೂ ಉಂಟು. ಎರಡು ರಾತ್ರಿ ಅಲ್ಲಿ, ಎರಡು ರಾತ್ರಿ ಸ್ಟೇಷನ್ ಹತ್ತಿರ ಬುಕ್ ಮಾಡಿದೆ. ಅಂಗಳದ ವಿಷಯ ಓದಿ ಹೇಳಿದೆ. ಅಲ್ಲಿ ಬೆಳಗ್ಗೆ ಬಿಸಿಲು ಯಾವ ಕಡೆಯಿಂದ ಬರುತ್ತದೆ ಕೇಳು ಅಂದಳು ಅವ್ವ.