ಅರ್ಜೆಂಟ್ ಪದ ಬೇಕು: “ಕಿವಿ ಕೇಳದವರು ಇಲ್ಲಿ ಕೇಳಿ”

ಕಿನ್ನಿಮುಲ್ಕಿಯಿಂದ, ಗುರುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ನಮ್ಮದು ಫ್ಲೆಕ್ಸ್, ಸ್ಟಿಕ್ಕರ್ ಕೆಲಸ. ಒಂದು ಸಹಕಾರಿ ಸಂಘದವರು ಮೂರಡಿ ಅಗಲ, ಎರಡಡಿ ಎತ್ತರದ ಬೋರ್ಡು ಹೇಳಿದ್ದಾರೆ. ಶನಿವಾರ ಸಂಜೆಯೊಳಗೆ ಫೈಲ್ ಪ್ರಿಂಟಿಗೆ ಹೋಗಬೇಕು. ಸೋಮವಾರ ಮೇಲಿನಿಂದ ಯಾರೋ ಇನ್‌ಸ್ಪೆಕ್ಷನ್ನಿಗೆ ಬರುತ್ತಾರಂತೆ, ಅದಕ್ಕೇ ಈ ಗಡಿಬಿಡಿ.

ಅವರು ಇಂಗ್ಲಿಷಿನಲ್ಲಿ ಕೊಟ್ಟದ್ದರ ಸಾರ ಇಷ್ಟು: ಕಿವಿ ಕೇಳದ ಗ್ರಾಹಕರು ತಮಗೆ ಬೇಕಾದ್ದನ್ನು ಈ ಕೌಂಟರಿನಲ್ಲಿ ವಿಚಾರಿಸಬಹುದು. ನಾನು ಚುಟುಕಾಗಿ “ಕಿವಿ ಕೇಳದವರು ಇಲ್ಲಿ ಕೇಳಿ” ಎಂದು ಬರೆದೆ. ಪ್ರೂಫ್ ನೋಡಿದ ಹುಡುಗ ನಗಲಿಕ್ಕೆ ಶುರು ಮಾಡಿದ. ಯಾಕೆ ಅಂತ ನನಗೆ ಹೊಳೆದದ್ದು ಚಾ ಕುಡಿಯುವಾಗ.

ಹಾಗಾಗಿ, ಇವರನ್ನು ಏನೆಂದು ಬರೆಯುವುದು? ಕಿವುಡರು ಅಂದರೆ ಬೈದ ಹಾಗಾಗುತ್ತದೆ ಅಂತ ಸಂಘದ ಕಾರ್ಯದರ್ಶಿಯವರ ಹೆದರಿಕೆ. ಸೈನ್ ಲ್ಯಾಂಗ್ವೇಜ್ ಇಂಟರ್‌ಪ್ರಿಟರ್ ಎನ್ನುವುದಕ್ಕೆ ಒಂದು ಸಣ್ಣ ಪದವೂ ಬೇಕು, ಜಾಗ ಕಡಿಮೆ. ಮತ್ತೆ ಕೆಳಗಿನ ಸಾಲಿನಲ್ಲಿ ‘ರೀಸನಬಲ್ ಅಕಾಮೊಡೇಷನ್’ ಅಂತ ಕಾನೂನಿನ ಮಾತು ಉಂಟು. ಅಕಾಮೊಡೇಷನ್ ಅಂದರೆ ವಸತಿ ಅಲ್ಲವಾ? ಸೊಸೈಟಿಯವರು ರೂಮು ಕೊಡುವುದಿಲ್ಲ.

*

ಕುಂದಾಪುರದಿಂದ, ಗುರುವಾರ ಮಧ್ಯಾಹ್ನ

‘ಕೇಳು’ ಧಾತು ಆಲಿಸು, ಪ್ರಶ್ನಿಸು, ಬೇಡು, ವಿಧೇಯನಾಗು, ಇಷ್ಟನ್ನೂ ಒಂದೇ ಹೆಗಲ ಮೇಲೆ ಹೊತ್ತದ್ದು. “ಮಾತು ಕೇಳದ ಮಗ” ಎಂದರೆ ಕಿವುಡ ಮಗ ಅಲ್ಲ. ನಿಮ್ಮ ಬೋರ್ಡು ಓದಿದವನು ಮೊದಲು ನಗುತ್ತಾನೆ, ಆಮೇಲೆ ಅವನಿಗೆ ಪಾಪ ಅನಿಸುತ್ತದೆ. ತೆಗೆದುಹಾಕಿ.

‘ಶ್ರವಣದೋಷವುಳ್ಳವರು’ ಎಂದು ಹಾಕಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ‘ಶ್ರವಣ’ವನ್ನು 1960ರ ದಶಕದಿಂದಲೂ ರೂಢಿಗೆ ತಂದಿದೆ. ಭಾಷೆಗೆ ‘ಸಂಜ್ಞಾಭಾಷೆ’. ಅದನ್ನು ಬಾಯಿಮಾತಿಗೆ ತಿರುಗಿಸಿ ಹೇಳುವವರು ‘ದ್ವಿಭಾಷಿ’. ನಮ್ಮ ಕರಾವಳಿಯ ಬಂದರುಗಳಲ್ಲಿ ವ್ಯಾಪಾರಿಗಳ ನಡುವೆ ನಿಂತು ಮಾತು ದಾಟಿಸಿದ ದುಭಾಷಿಯ ಮೂಲರೂಪ ಅದೇ. ಎರಡು ಭಾಷೆ ಬಲ್ಲವ, ಮುಗಿಯಿತು. ಕಾನೂನಿನ ಸಾಲಿನ ಬಗ್ಗೆ ನನಗೆ ಆಸಕ್ತಿ ಇಲ್ಲ.

*

ಕದ್ರಿಯಿಂದ, ಗುರುವಾರ ಸಂಜೆ

ಮೇಶ್ಟ್ರಿಗೆ ಸಂಸ್ಕ್ರುತ ಸಿಕ್ಕಿದರೆ ಊಟ ಬೇಡ. ಶ್ರವಣ ಅಂತೆ, ದೋಶ ಅಂತೆ. ಕನ್ನಡಿಗನಿಗೆ ಹುಟ್ಟಿದಾಗಿನಿಂದ ಇರುವ ಪದ ‘ಕಿವುಡ’. ಕಿವಿ ಎಂಬ ಬೇರಿನಿಂದ ಬಂದದ್ದು. ತಮಿಳಿನಲ್ಲಿ ಸೆವಿ, ಸೆವಿಡು. ತೆಲುಗಿನಲ್ಲಿ ಚೆವಿ, ಚೆವುಡು. ಅವರ ಬಾಯಲ್ಲಿ ‘ಕ’ ಜಾರಿತು, ನಾವು ಗಟ್ಟಿಯಾಗಿ ಹಿಡಿದುಕೊಂಡೆವು. ತುಳುವರೂ ಹಿಡಿದುಕೊಂಡರು, ಅವರದ್ದು ಕೆಬಿ. ಕೆಪ್ಪು, ಕೆಪ್ಪ ಎಲ್ಲ ಅದೇ ಬಳ್ಳಿಯ ಕಾಯಿ. ಎರಡು ಸಾವಿರ ವರುಶ ಉಳಿಸಿಕೊಂಡ ‘ಕ’ವನ್ನು ಒಂದು ಪ್ಲೆಕ್ಸಿಗಾಗಿ ಬಿಟ್ಟುಕೊಡಬೇಕಾ?

ಸಯ್ನ್ ಲ್ಯಾಂಗ್ವೇಜಿಗೆ ‘ಸನ್ನೆನುಡಿ’. ಅಚ್ಚಗನ್ನಡ, ನಾಲ್ಕೇ ಅಕ್ಕರ, ಜಾಗವೂ ಉಳಿಯಿತು. ಇಂಟರ್‌ಪ್ರಿಟರಿಗೆ ‘ನುಡಿದಾಟಿಗ’.

*

ಕುಂದಾಪುರದಿಂದ, ಗುರುವಾರ ರಾತ್ರಿ

ಸನ್ನೆ ಅಚ್ಚಗನ್ನಡವೋ? ಸಂಸ್ಕೃತದಲ್ಲಿ ಸಂಜ್ಞಾ, ಪ್ರಾಕೃತದಲ್ಲಿ ಸಣ್ಣಾ, ಕನ್ನಡದಲ್ಲಿ ಸನ್ನೆ. ಯಜ್ಞ ಜನ್ನವಾದ, ಆಜ್ಞೆ ಆಣೆಯಾದ ದಾರಿಯೇ. ಹಳೆಗನ್ನಡದ ವ್ಯಾಕರಣ ಬರೆದ ಕೇಶಿರಾಜನ ಅಪಭ್ರಂಶ ಪ್ರಕರಣ ಇನ್ನೊಮ್ಮೆ ಓದಿ, ನೀವು ಬರೆಯುವ ಹಾಗೆ ಮಹಾಪ್ರಾಣ ಬಿಟ್ಟೇ ಓದಿ, ಅಡ್ಡಿಯಿಲ್ಲ. ನನ್ನ ‘ಸಂಜ್ಞೆ’ಯೂ ನಿಮ್ಮ ‘ಸನ್ನೆ’ಯೂ ಒಂದೇ ತಾಯಿಯ ಮಕ್ಕಳು, ನಿಮ್ಮದು ಊರು ಬಿಟ್ಟು ತಿರುಗಾಡಿ ಬಂದದ್ದು.

ನುಡಿದಾಟಿಗ ಎಂದರೆ ಬೇಲಿ ದಾಟಿದ ಹಾಗೆ ಕೇಳುತ್ತದೆ. ಬೇಡ.

*

ಬಲ್ಮಠದಿಂದ, ಶುಕ್ರವಾರ ಬೆಳಿಗ್ಗೆ

ವ್ಯುತ್ಪತ್ತಿ ಸಾಕು ಮಾರಾಯ್ರೇ. ಬೋರ್ಡು ಹಾಕುವುದು ಕಾನೂನಿಗೆ, ಆದ್ದರಿಂದ ಕಾನೂನಿನಲ್ಲಿ ಏನುಂಟು ನೋಡುವ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ ಅನುಸೂಚಿಯಲ್ಲಿ ಎರಡು ಬೇರೆ ಬೇರೆ ವರ್ಗ. ಮಾತಿನ ಆವರ್ತನಗಳಲ್ಲಿ ಎರಡೂ ಕಿವಿಗೆ 70 ಡೆಸಿಬೆಲ್ ನಷ್ಟವಾಗಿದ್ದರೆ ಕಿವುಡು. 60ರಿಂದ 70ರ ಒಳಗಾದರೆ ಇನ್ನೊಂದು, ನಾವು ಕಿವಿ ಮಂದ ಎನ್ನುವುದು. ಮೇಷ್ಟ್ರ ‘ಶ್ರವಣದೋಷ’ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಒಬ್ಬರಿಗೆ ಮೆಷಿನ್ ಹಾಕಿದರೆ, ಎದುರು ನಿಂತು ನಿಧಾನ ಮಾತಾಡಿದರೆ ಸಾಕು. ಇನ್ನೊಬ್ಬರಿಗೆ ಬರಹ ಬೇಕು, ಸನ್ನೆ ಬೇಕು. ಒಂದೇ ಪದ ಹಾಕಿದರೆ ಕೌಂಟರಿನವರು ಎಲ್ಲರ ಮುಂದೆಯೂ ಕಿರುಚುತ್ತಾರೆ.

ಇನ್ನು ‘ಅಕಾಮೊಡೇಷನ್’. ‘ಯುಕ್ತ ವಸತಿ ಕಲ್ಪಿಸತಕ್ಕದ್ದು’ ಎನ್ನುವ ಕರಡು ಅನುವಾದವನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಕಿವುಡನಿಗೆ ರೂಮು ಕಟ್ಟಿಕೊಟ್ಟರೆ ಕೇಳುತ್ತದಾ? ಅಧಿನಿಯಮದ ಅರ್ಥ ಏನೆಂದರೆ, ಆಯಾ ವ್ಯಕ್ತಿಗೆ ಬೇಕಾದ ಬದಲಾವಣೆ ಮಾಡಿಕೊಡುವುದು, ಮಾಡಿಕೊಡುವವನ ಮೇಲೆ ವಿಪರೀತ ಹೊರೆ ಬೀಳದ ಹಾಗೆ. ‘ಯುಕ್ತ ಹೊಂದಾಣಿಕೆ’ ಸಾಕು. ನಿಜ ಹೇಳಬೇಕೆಂದರೆ ಬೋರ್ಡಿಗೆ ಆ ಸಾಲೇ ಬೇಡ. ಒಂದು ಪೆನ್ನು, ಒಂದು ಪ್ಯಾಡು ಇಟ್ಟರೆ ಅದೇ ಯುಕ್ತ ಹೊಂದಾಣಿಕೆ.

ಪದಕ್ಕಿಂತ ಕ್ರಿಯಾಪದ ನೋಡಿ. ನಮ್ಮ ಕಾನೂನು ಕನ್ನಡದಲ್ಲಿ ‘ತಕ್ಕದ್ದು’ ಬೇರೆ, ‘ಬಹುದು’ ಬೇರೆ; ಮೊದಲನೆಯದು ಮಾಡಲೇಬೇಕು, ಎರಡನೆಯದು ಬೇಕಿದ್ದರೆ ಮಾಡಿ. ಸುಗಮ್ಯತೆಯ, ಅಂದರೆ ಜಾಗ, ಸೇವೆ ಎಲ್ಲರಿಗೂ ಬಳಸಲಿಕ್ಕೆ ಆಗುವ ಹಾಗಿರುವುದರ, ವಿಷಯದಲ್ಲಿ ಅಧಿನಿಯಮದ 40ನೇ ಪ್ರಕರಣ ‘ತಕ್ಕದ್ದು’ ಎಂದಿತು. ಅದರಡಿ ಮಾಡಿದ 2017ರ ನಿಯಮಗಳಲ್ಲಿ 15ನೆಯದು ಅದನ್ನು ಮಾರ್ಗಸೂಚಿಯ ಮಟ್ಟಕ್ಕೆ ಇಳಿಸಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ 15ನೇ ನಿಯಮ ಮೂಲ ಅಧಿನಿಯಮಕ್ಕೇ ವಿರುದ್ಧ, ಬಿಡಲಾಗದ ಕನಿಷ್ಠ ಮಾನದಂಡಗಳನ್ನು ಬೇರೆಯಾಗಿ ಮಾಡಿ ಎಂದಿತು. ಏಳು ವರ್ಷದ ಜಗಳ ಒಂದು ‘ತಕ್ಕದ್ದು’ವಿಗೆ. ಖಾಸಗಿ ಸೇವೆಗಳಿಗೂ 46ನೇ ಪ್ರಕರಣ ಅನ್ವಯ. ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷ. ಇದನ್ನು ಕಾರ್ಯದರ್ಶಿಯವರಿಗೆ ತೋರಿಸಿ, ಬೈಗುಳದ ಹೆದರಿಕೆ ಬಿಟ್ಟುಹೋದೀತು.

‘ದುಭಾಷಿ’ ಸರಿ ಉಂಟು. 2023ರ ಸೆಪ್ಟೆಂಬರಿನಲ್ಲಿ ಕಿವುಡ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟಿನಲ್ಲಿ ಹಾಜರಾದದ್ದು ಸನ್ನೆ ಭಾಷೆಯ ದುಭಾಷಿಯ ಮೂಲಕ.

*

ಕದ್ರಿಯಿಂದ, ಶುಕ್ರವಾರ ಮಧ್ಯಾಹ್ನ

ವಕೀಲರೇ, ‘ಸುಗಮ್ಯತೆ’ ಎಲ್ಲಿಂದ ಬಂತು? 2015ರ ಡಿಸೆಂಬರಿನಲ್ಲಿ ದಿಲ್ಲಿಯವರು ‘ಸುಗಮ್ಯ ಬಾರತ’ ಅಂದರು, ನೀವು ಅದನ್ನೇ ಎತ್ತಿಕೊಂಡಿರಿ. ‘ದಿವ್ಯಾಂಗ’ವೂ ಹಾಗೇ ಬಂದದ್ದು. ನಾಳೆ ಮೀನು ಮಾರ್ಕೆಟಿಗೂ ಹಿಂದಿ ಬೋರ್ಡು. ನಮ್ಮಲ್ಲಿ ‘ಎಟುಕು’ ಇಲ್ಲವಾ? ಎಟುಕುವ ಕವುಂಟರು ಎನ್ನಿ.

*

ಕುಂದಾಪುರದಿಂದ, ಶುಕ್ರವಾರ ಮಧ್ಯಾಹ್ನ, ಹತ್ತು ನಿಮಿಷ ಬಿಟ್ಟು

ಎಟುಕುವುದು ಮಾವಿನಕಾಯಿ. ಕೌಂಟರ್ ಎಟುಕದಿದ್ದರೆ ಅದು ಕುಳ್ಳರ ಸಮಸ್ಯೆ.

*

ಬ್ರಹ್ಮಾವರದಿಂದ, ಶುಕ್ರವಾರ ರಾತ್ರಿ

ನಾನು ಹುಟ್ಟು ಕಿವುಡಿ. ನಿನ್ನೆಯಿಂದ ನೀವೆಲ್ಲ ಸೇರಿ ನನಗೆ ಹೆಸರಿಡುತ್ತಿದ್ದೀರಿ. ತೊಟ್ಟಿಲು ಶಾಸ್ತ್ರಕ್ಕೆ ನನ್ನನ್ನೂ ಕರೆಯಬಹುದಿತ್ತು.

‘ಶ್ರವಣದೋಷ’ ಓದುವಾಗ ನನಗೆ ಕುಜದೋಷದ ನೆನಪಾಗುತ್ತದೆ, ಯಾವುದಾದರೂ ಶಾಂತಿ ಮಾಡಿಸಬೇಕೇನೋ ಎಂದು. ‘ಕಿವುಡಿ’ ಎಂದರೆ ಬೇಸರ ಇಲ್ಲ. ಅದು ಬೈಗುಳ ಎನ್ನುತ್ತೀರಲ್ಲ, ಯಾರಿಗೆ ಬೈಯುವುದು? ಕಿವಿ ಚೆನ್ನಾಗಿ ಕೇಳುವವರಿಗೆ. “ಕೆಪ್ಪನಾ ನೀನು?” ಎಂದು ಕೆಪ್ಪನನ್ನು ಯಾರೂ ಕೇಳುವುದಿಲ್ಲ. ಜಾಣಕಿವುಡೂ ನಮ್ಮ ಪೈಕಿ ಅಲ್ಲ. ಆದರೆ ಕಿವುಡರ ಬಾಲಕ್ಕೆ ‘ಮೂಗರು’ ಅಂಟಿಸಬೇಡಿ, ಹಳೆ ಬೋರ್ಡುಗಳಲ್ಲಿ ಅದು ಜೋಡಿಯಾಗಿಯೇ ಬರುತ್ತದೆ. ನನಗೆ ಭಾಷೆ ಉಂಟು, ನಿಮಗೆ ಬರುವುದಿಲ್ಲ ಅಷ್ಟೆ.

ಆ ಭಾಷೆಯ ಹೆಸರಿಗೆ ಮೇಷ್ಟ್ರೂ ಕದ್ರಿಯವರೂ ಹೊಡೆದಾಡುತ್ತಿದ್ದಾರೆ. ಭಾಷೆ, ನುಡಿ, ಎರಡರ ಬೇರೂ ಬಾಯಿಯಲ್ಲೇ ಉಂಟು; ಎರಡಕ್ಕೂ ಮಾತಾಡುವುದು ಎಂದೇ ಅರ್ಥ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷೆಯ ಸಂಶೋಧನಾ ಕೇಂದ್ರದ ನಿಘಂಟು 2021ರಲ್ಲಿ 10,000 ಪದ ಮುಟ್ಟಿತು. ಒಂದನ್ನೂ ಬಾಯಲ್ಲಿ ಹೇಳಬೇಕಾಗಿಲ್ಲ. ನಾವು ನಾವೇ ಇರುವಾಗ ಅದಕ್ಕೆ ಹೆಸರು ಹೇಳುವುದು ಎರಡು ಕೈ ಸುತ್ತಿಸಿ. ಕನ್ನಡದಲ್ಲಿ ಬರೆಯುವಾಗ ನಾನು ‘ಸನ್ನೆ ಭಾಷೆ’ ಎನ್ನುತ್ತೇನೆ, ಎಲ್ಲರಿಗೂ ಅರ್ಥವಾಗುತ್ತದೆ.

ಈಗ ಬೋರ್ಡಿನ ವಿಷಯ. ಕಳೆದ ಮಳೆಗಾಲದಲ್ಲಿ ಒಂದು ಆಸ್ಪತ್ರೆಗೆ ಹೋಗಿದ್ದೆ, ಟೋಕನ್ 23. ಹೊರಗೆ ದೊಡ್ಡ ಟೀವಿ ಇತ್ತು, ಅದರಲ್ಲಿ ಸಕ್ಕರೆ ಕಾಯಿಲೆಯ ಜಾಹೀರಾತು. ನಂಬ್ರ ಮಾತ್ರ ನರ್ಸ್ ಬಾಗಿಲು ಅರ್ಧ ತೆರೆದು ಕೂಗುವುದು. ಮಾಸ್ಕ್ ಹಾಕಿದ್ದರು, ತುಟಿ ಓದುವ ಹಾಗೂ ಇಲ್ಲ. ಪಕ್ಕದಲ್ಲಿ ಕೂತ ಅಜ್ಜಿಗೆ ಟೋಕನ್ ತೋರಿಸಿ, ಕರೆದರೆ ಹೇಳಿ ಎಂದು ಕೈಸನ್ನೆ ಮಾಡಿದೆ. ಅವರು ನಗುತ್ತಾ ತಲೆಯಾಡಿಸಿದರು. 31ರವರು ಒಳಗೆ ಹೋದ ಮೇಲೆ ತಿಳಿಯಿತು, ಅಜ್ಜಿಗೂ ಕಿವಿ ಮಂದ. ಅವರ 26 ಕೂಡ ದಾಟಿಹೋಗಿತ್ತು. ಆ ಟೀವಿಯಲ್ಲಿ ಎರಡು ಅಂಕಿ ತೋರಿಸಿದ್ದರೆ ಮುಗಿದಿತ್ತು.

ಎಟಿಎಂ ಕಾರ್ಡು ಕಳೆದುಹೋದಾಗಲೂ ಇದೇ ಕಥೆ. ಬ್ಲಾಕ್ ಮಾಡಲಿಕ್ಕೆ ನಮಗೆ ಸಿಕ್ಕಿದ್ದು ಒಂದು ಫೋನ್ ನಂಬ್ರ. ಅಕ್ಕ ಮಾತಾಡಿದಳು. ಖಾತೆದಾರರೇ ಮಾತಾಡಬೇಕು ಎಂದರಂತೆ. ಖಾತೆದಾರಳು ಅವಳ ಪಕ್ಕದಲ್ಲೇ ಕೂತಿದ್ದೇನೆ. ಎರಡನೇ ಸಲ ಫೋನ್ ಮಾಡಿ ಅಕ್ಕ ತಾನೇ ನಾನು ಎಂದಳು. ಬಲ್ಮಠದ ವಕೀಲರು ಕ್ಷಮಿಸಬೇಕು. ಕಾನೂನು ಸುಧಾರಿಸುವುದಿದ್ದರೆ ಇಂಥ ಕಡೆ ಸುಧಾರಿಸಲಿ: ದನಿ ಇದ್ದಲ್ಲೆಲ್ಲ ಬರಹವೂ ಇರತಕ್ಕದ್ದು. ವಕೀಲರ ‘ತಕ್ಕದ್ದು’ ನನಗೆ ಬಹಳ ಹಿಡಿಸಿತು. ಬಸ್ಸಿನಲ್ಲಿ ಕಂಡಕ್ಟರ್ “ರೈಟ್ ಪೋಯಿ” ಅಂದದ್ದು ನನಗೆ ಕೇಳುವುದಿಲ್ಲ, ಮುಂದಿನ ಸ್ಟಾಪು ಯಾವುದೆಂದು ಕೂಗಿದ್ದೂ ಕೇಳುವುದಿಲ್ಲ. ಕಲ್ಯಾಣಪುರದ ಸೇತುವೆ ಬಂತಾ ಎಂದು ಕಿಟಕಿ ನೋಡುತ್ತಾ ಕೂರುತ್ತೇನೆ. ಮಳೆಗೆ ಟರ್ಪಾಲು ಇಳಿಸಿದರೆ ಅದೂ ಇಲ್ಲ.

ಕಿನ್ನಿಮುಲ್ಕಿಯ ಅಣ್ಣನಿಗೆ ಒಂದು ಪ್ರಶ್ನೆ. ಆ ಸಂಘದಲ್ಲಿ ದುಭಾಷಿ ಇದ್ದಾರಾ? ಇಲ್ಲದಿದ್ದರೆ ಬೋರ್ಡಿನಲ್ಲಿ ಬರೆಯಬೇಡಿ, ಹುಡುಕಿಕೊಂಡು ಹೋಗಿ ಬೆಪ್ಪಾಗುವುದು ನಾವು. ‘ಸಹಾಯ’ ಎಂದೂ ಹಾಕಬೇಡಿ, ನಾನು ಹೋಗುವುದು ನನ್ನ ದುಡ್ಡು ತೆಗೆಯಲಿಕ್ಕೆ. ವಾಕ್ಯ ಗಿಡ್ಡ ಇರಲಿ. ಸನ್ನೆ ಭಾಷೆಯಲ್ಲೇ ಬೆಳೆದ ನಮ್ಮಲ್ಲಿ ಎಷ್ಟೋ ಮಂದಿಗೆ ಕನ್ನಡ ಎರಡನೇ ಭಾಷೆ. ‘ಬಯಸುವವರಿಗೆ ಒದಗಿಸಲಾಗುವ’ ಎಂದು ರೈಲಿನ ಹಾಗೆ ಜೋಡಿಸಿದರೆ ಇಂಜಿನ್ ಎಲ್ಲಿ ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಸಂವಿಧಾನದ ಎಂಟನೇ ಅನುಸೂಚಿಯಲ್ಲಿ 22 ಭಾಷೆ ಉಂಟು. ಸನ್ನೆ ಭಾಷೆ ಇಲ್ಲ, ನಿಮ್ಮ ತುಳುವೂ ಇಲ್ಲ. ಹೊರಗೆ ಒಟ್ಟಿಗೇ ನಿಂತಿದ್ದೇವೆ.

*

ಕದ್ರಿಯಿಂದ, ಶನಿವಾರ ಬೆಳಿಗ್ಗೆ

ತಂಗೀ, ತುಳುವಿನ ಮಾತು ಎತ್ತಿದ್ದು ಒಳ್ಳೆಯದಾಯಿತು. ಹೊರಗೆ ನಿಲ್ಲಿಸಿದ್ದು ಯಾರು? ಇದೇ ಸಂಸ್ಕ್ರುತದ ಬಾಲ ಹಿಡಿದವರು.

*

ಕುಂದಾಪುರದಿಂದ, ಶನಿವಾರ ಬೆಳಿಗ್ಗೆ

ತುಳುವಿಗೆ ಬೇರೆ ಎಳೆ ತೆಗೆಯಿರಿ.

ಬ್ರಹ್ಮಾವರದ ತಂಗಿಯವರೇ, ಭಾಷ್ ಧಾತುವಿನ ಬಗ್ಗೆ ನೀವು ಹೇಳಿದ್ದು ಸರಿ. ಮೂವತ್ತು ವರ್ಷ ಪಾಠ ಹೇಳಿದೆ, ನನಗೆ ಹೊಳೆದಿರಲಿಲ್ಲ. ‘ಶ್ರವಣದೋಷ’ ಹಿಂದಕ್ಕೆ ತೆಗೆದುಕೊಂಡೆ. ‘ಸನ್ನೆ’ ತದ್ಭವ ಎಂಬುದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

*

ಕಿನ್ನಿಮುಲ್ಕಿಯಿಂದ, ಶನಿವಾರ ಸಂಜೆ 5:40

ಎಲ್ಲರಿಗೂ ಥ್ಯಾಂಕ್ಸ್. ದುಭಾಷಿ ಇಲ್ಲವಂತೆ, ಕೇಳಿದೆ. ಆ ಸಾಲು ತೆಗೆದೆ. ‘ಅಕಾಮೊಡೇಷನ್’ ಕೂಡ ಹೋಯಿತು. ಕಾರ್ಯದರ್ಶಿಯವರು ‘ಕಿವುಡರು’ ನೋಡಿ ಮುಖ ಸಿಂಡರಿಸಿದರು, 5 ಲಕ್ಷದ ವಿಷಯ ಹೇಳಿದ ಮೇಲೆ ಸುಮ್ಮನಾದರು. ಎಡಗಡೆ ಗೆರೆ ಎಳೆದ ಕಿವಿಯ ಚಿತ್ರ, ಬಲಗಡೆ ಹೀಗೆ:

ಕಿವುಡರು, ಕಿವಿ ಮಂದ ಇರುವವರು
ಇಲ್ಲಿ ಬರೆದು ಮಾತಾಡಿ.
ಕಾಗದ, ಪೆನ್ನು ಇದೆ.
ನಿಮ್ಮ ಟೋಕನ್ ನಂಬ್ರ ಮೇಲೆ ಕಾಣುತ್ತದೆ.

ಕೊನೆಯ ಸಾಲು ನಾನೇ ಸೇರಿಸಿದ್ದು. ನಂಬ್ರ ತೋರಿಸುವ ಡಬ್ಬಿ ಅವರಲ್ಲಿ ಮೊದಲೇ ಇತ್ತು, ವೈರು ಕಿತ್ತುಹೋಗಿ ಎರಡು ವರ್ಷ ಆಗಿತ್ತಂತೆ. ಬೋರ್ಡಿನಲ್ಲಿ ಬರೆದಾಯಿತಲ್ಲ ಅಂತ ಇವತ್ತು ಎಲೆಕ್ಟ್ರೀಷಿಯನ್‌ನನ್ನು ಕರೆಸಿದ್ದಾರೆ. ಫೈಲ್ ಪ್ರಿಂಟಿಗೆ ಹೋಯಿತು.

*

ಕದ್ರಿಯಿಂದ, ಶನಿವಾರ ಸಂಜೆ 5:52

ಕಾಗದ ಪಾರಸಿ. ಪೆನ್ನು ಇಂಗ್ಲಿಶ್. ಓಲೆ, ಅದರಲ್ಲಿ ಕೊರೆದು ಬರೆಯುವ ಕಂಟ ಎಂದು ಹಾಕಬಹುದಿತ್ತು.

*

ಬ್ರಹ್ಮಾವರದಿಂದ, ಶನಿವಾರ ಸಂಜೆ 6:05

ಕಂಟದಲ್ಲಿ ಚಲನ್ ತುಂಬಿಸಲಿಕ್ಕೆ ಆಗುತ್ತದಾ ಅಣ್ಣ?